ಲ್ಯೂಖೋ-ಡಾನೆನ್‌ಬೆರ್ಗ್: ಜರ್ಮನಿಯ ಅತಿ ಕಡಿಮೆ ಜನರ ಜಿಲ್ಲೆ ಹೇಗೆ ಹುಟ್ಟಿತು, ಹೇಗೆ ಉಳಿಯಿತು

ಜರ್ಮನಿ ಅಂದ ಕೂಡಲೇ ನಮಗೆ ಬರ್ಲಿನ್, ಮ್ಯೂನಿಕ್, ಫ್ರಾಂಕ್‌ಫರ್ಟ್ ನೆನಪಾಗುತ್ತವೆ. ಆದರೆ ಈಗ ನಮ್ಮ ಮಕ್ಕಳು ಹೋಗಿ ಸೇರುತ್ತಿರುವುದು ಬರೀ ಆ ದೊಡ್ಡ ಊರುಗಳಿಗಲ್ಲ. ನರ್ಸಿಂಗ್ ಕೆಲಸಕ್ಕೆ, ವೃತ್ತಿ ತರಬೇತಿಗೆ ಹೊರಟವರು ನಾವು ಹೆಸರೇ ಕೇಳದ ಹಳ್ಳಿಗಾಡಿನ ಜಿಲ್ಲೆಗಳಿಗೂ ಹೋಗುತ್ತಿದ್ದಾರೆ. ಅಲ್ಲಿ ಅವರಿಗೆ ಮೊದಲು ಎದುರಾಗುವ ಕಷ್ಟ ಭಾಷೆಯದ್ದು. ಎರಡನೆಯದು ಕಚೇರಿಗಳದ್ದು. ವಿಳಾಸ ಬರೆಸಲು ಒಂದು ಕಚೇರಿ, ವಾಸದ ಪರವಾನಗಿಗೆ ಇನ್ನೊಂದು. ಎಷ್ಟೋ ಸಲ ಎರಡೂ ಬೇರೆ ಬೇರೆ ಊರಿನಲ್ಲಿ. ಯಾವುದು ಪಂಚಾಯಿತಿ, ಯಾವುದು ಜಿಲ್ಲೆ, ಯಾವುದು ರಾಜ್ಯ ಅಂತ ಬಿಡಿಸಿಕೊಳ್ಳುವುದೇ ಒಂದು ಕೆಲಸ.

ಇದನ್ನು ಅರ್ಥ ಮಾಡಿಕೊಳ್ಳಲು ಒಂದೇ ಒಂದು ಜಿಲ್ಲೆಯನ್ನು ಹತ್ತಿರದಿಂದ ನೋಡಿದರೆ ಸಾಕು. ನಾನು ಆರಿಸಿಕೊಂಡಿದ್ದು ಉತ್ತರ ಜರ್ಮನಿಯ ಲ್ಯೂಖೋ-ಡಾನೆನ್‌ಬೆರ್ಗ್. ಲೋಯರ್ ಸ್ಯಾಕ್ಸನಿ ರಾಜ್ಯದ ಪೂರ್ವದ ಮೂಲೆಯಲ್ಲಿ, ಎಲ್ಬೆ ನದಿಯ ದಡದಲ್ಲಿದೆ. ಸುಮಾರು 1,220 ಚದರ ಕಿಲೋಮೀಟರ್ ಜಾಗ, ಐವತ್ತು ಸಾವಿರಕ್ಕೂ ಕಡಿಮೆ ಜನ. ಇಡೀ ಜರ್ಮನಿಯ 294 ಗ್ರಾಮೀಣ ಜಿಲ್ಲೆಗಳಲ್ಲಿ ಇಷ್ಟು ಕಡಿಮೆ ಜನ ಇರುವ ಜಿಲ್ಲೆ ಇನ್ನೊಂದಿಲ್ಲ. ಪೈನ್ ಮರದ ಕಾಡು, ಆಲೂಗಡ್ಡೆ ಹೊಲ, ಹುಲ್ಲುಗಾವಲು, ನಡುವೆ ಚಿಕ್ಕ ಚಿಕ್ಕ ಹಳ್ಳಿಗಳು. ಇಷ್ಟು ಪುಟ್ಟ ಜಿಲ್ಲೆಯನ್ನು ಪಕ್ಕದ ಜಿಲ್ಲೆಗೆ ಯಾಕೆ ಸೇರಿಸಿಬಿಡಲಿಲ್ಲ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಎಂಟುನೂರು ವರ್ಷದ ಕಥೆ ಬಿಚ್ಚಿಕೊಳ್ಳುತ್ತದೆ.

ಮೊದಲು ನಾಲ್ಕು ಪದ

ಜರ್ಮನ್ನರು ಗ್ರಾಮೀಣ ಜಿಲ್ಲೆಯನ್ನು ‘ಲಾಂಡ್‌ಕ್ರೈಸ್’ ಅನ್ನುತ್ತಾರೆ. ‘ಲಾಂಡ್’ ಅಂದರೆ ನಾಡು, ‘ಕ್ರೈಸ್’ ಅಂದರೆ ವೃತ್ತ. ನಾಡಿನ ಒಂದು ಸುತ್ತು ಅಂತ ಇಟ್ಟುಕೊಳ್ಳಿ.

ಅದರೊಳಗೆ ‘ಗೆಮೈಂಡೆ’ಗಳು. ಇದು ಹಳ್ಳಿಯ ಅಥವಾ ಸಣ್ಣ ಪಟ್ಟಣದ ಸ್ಥಳೀಯ ಸಂಸ್ಥೆ. ಚುನಾಯಿತ ಸದಸ್ಯರಿರುತ್ತಾರೆ, ಮೇಯರ್ ಇರುತ್ತಾರೆ. ಗೆಮೈಂಡೆ ತೀರಾ ಚಿಕ್ಕದಾದರೆ ಸಂಬಳದ ಸಿಬ್ಬಂದಿ ಇಟ್ಟುಕೊಂಡು ಕಚೇರಿ ನಡೆಸುವುದು ಕಷ್ಟ. ಆಗ ಹಲವು ಗೆಮೈಂಡೆಗಳು ಸೇರಿ ಒಂದು ಕೂಟ ಮಾಡಿಕೊಳ್ಳುತ್ತವೆ. ಅದೇ ‘ಝಾಮ್ಟ್‌ಗೆಮೈಂಡೆ’. ಅಕ್ಕಪಕ್ಕದ ಮನೆಗಳು ತಮ್ಮ ತಮ್ಮ ಹೆಸರು, ಹಿತ್ತಲು, ಜಗುಲಿ ಉಳಿಸಿಕೊಂಡು ಅಡುಗೆಮನೆಯನ್ನು ಮಾತ್ರ ಒಂದೇ ಮಾಡಿಕೊಂಡ ಹಾಗೆ. ವಿಳಾಸ ದಾಖಲೆ, ಪ್ರಾಥಮಿಕ ಶಾಲೆ, ಅಗ್ನಿಶಾಮಕ ದಳ ಇಂಥವೆಲ್ಲ ಆ ಸಾಮೂಹಿಕ ಅಡುಗೆಮನೆಯಲ್ಲಿ. ಊರಿನ ಸಮುದಾಯ ಭವನ, ಊರಿನ ಬೀದಿ ಇವು ಆಯಾ ಗೆಮೈಂಡೆಯ ಕೈಯಲ್ಲೇ.

ನಾಲ್ಕನೆಯ ಪದ ‘ಲಾಂಡ್‌ರಾಟ್’. ಜಿಲ್ಲೆಯ ಆಡಳಿತದ ಮುಖ್ಯಸ್ಥ. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ನಮ್ಮ ಜಿಲ್ಲಾಧಿಕಾರಿಯನ್ನು ಸರ್ಕಾರ ನೇಮಿಸುತ್ತದೆ, ಎರಡು-ಮೂರು ವರ್ಷಕ್ಕೆ ವರ್ಗ ಮಾಡುತ್ತದೆ. ಲೋಯರ್ ಸ್ಯಾಕ್ಸನಿಯ ಲಾಂಡ್‌ರಾಟ್ ಅನ್ನು ಜಿಲ್ಲೆಯ ಜನರೇ ನೇರವಾಗಿ ಓಟು ಹಾಕಿ ಆರಿಸುತ್ತಾರೆ. ಆದರೆ ಯಾವಾಗಲೂ ಹೀಗಿರಲಿಲ್ಲ. ಅದು ಮುಂದೆ ಬರುತ್ತದೆ.

ಲಾಂಡ್‌ಕ್ರೈಸ್ ಮಾಡುವ ಕೆಲಸದಲ್ಲಿ ಎರಡು ಬಗೆ. ಕೆಲವು ಅದರದ್ದೇ ಸ್ವಂತ ಕೆಲಸ: ಪ್ರೌಢಶಾಲೆ, ಕಸ ವಿಲೇವಾರಿ, ಜಿಲ್ಲಾ ರಸ್ತೆ, ಶಾಲಾ ಬಸ್ಸು. ಇನ್ನು ಕೆಲವು ಸರ್ಕಾರ ವಹಿಸಿಕೊಟ್ಟ ಕೆಲಸ: ವಾಹನ ನೋಂದಣಿ, ವಿದೇಶಿಯರ ವಾಸದ ಪರವಾನಗಿ, ನೆರೆ ಬಂದಾಗ ವಿಪತ್ತು ನಿರ್ವಹಣೆ. ಹಳ್ಳಿಯ ಕಿರಾಣಿ ಅಂಗಡಿಯವರು ತಮ್ಮ ವ್ಯಾಪಾರದ ಜೊತೆ ಅದೇ ಕಟ್ಟೆಯ ಮೇಲೆ ಅಂಚೆ ಕೆಲಸವನ್ನೂ ನೋಡಿಕೊಳ್ಳುತ್ತಾರಲ್ಲ, ಹಾಗೆ. ಬೆಲ್ಲದ ಬೆಲೆ ಅವರು ನಿರ್ಧರಿಸಬಹುದು, ಸ್ಟಾಂಪಿನ ಬೆಲೆ ಅಲ್ಲ.

ದುಡ್ಡು ಎಲ್ಲಿಂದ ಬರುತ್ತದೆ? ರಾಜ್ಯದಿಂದ ಒಂದಷ್ಟು ಬರುತ್ತದೆ. ಜೊತೆಗೆ ಗೆಮೈಂಡೆಗಳು ತಮ್ಮ ಆದಾಯದಲ್ಲಿ ಒಂದು ಪಾಲನ್ನು ಜಿಲ್ಲೆಗೆ ಕೊಡಬೇಕು. ಒಟ್ಟು ಕುಟುಂಬದಲ್ಲಿ ಅಣ್ಣತಮ್ಮಂದಿರು ಸಂಬಳದಲ್ಲಿ ಇಷ್ಟು ಅಂತ ಮನೆ ಖರ್ಚಿಗೆ ಕೊಡುವ ಹಾಗೆ. ಎಷ್ಟು ಕೊಡಬೇಕು ಅನ್ನುವ ವಾದವೂ ಒಟ್ಟು ಕುಟುಂಬದ ವಾದದಂತೆಯೇ ಮತ್ತೆ ಮತ್ತೆ ಏಳುತ್ತದೆ.

ಹೆಸರಿನಲ್ಲೇ ಉಳಿದ ಇನ್ನೊಂದು ಭಾಷೆ

‘ಲ್ಯೂಖೋ’ ಎಂಬ ಹೆಸರನ್ನು ಜರ್ಮನ್ನರು ಬರೆಯುವಾಗ ಕೊನೆಯಲ್ಲಿ ಒಂದು ‘ವ್’ ಬರೆಯುತ್ತಾರೆ, ಆದರೆ ಉಚ್ಚರಿಸುವುದಿಲ್ಲ. ಗಾರ್ಟೋ, ವುಸ್ಟ್ರೋ ಎಂಬ ಪಕ್ಕದ ಊರುಗಳೂ ಹಾಗೆಯೇ. ಈ ಹೆಸರುಗಳು ಜರ್ಮನ್ ಮೂಲದವಲ್ಲ. ಸ್ಲಾವ್ ಮೂಲದವು.

ಎಲ್ಬೆಯ ಈ ಭಾಗದಲ್ಲಿ ಒಂದು ಕಾಲಕ್ಕೆ ಸ್ಲಾವ್ ಜನ ನೆಲೆಸಿದ್ದರು. ಜರ್ಮನ್ನರು ಅವರನ್ನು ವೆಂಡರು ಎಂದರು. ಅದಕ್ಕೇ ಈ ನಾಡಿಗೆ ಇವತ್ತಿಗೂ ‘ವೆಂಡ್‌ಲಾಂಡ್’ ಎಂಬ ಹೆಸರು. ಜಿಲ್ಲೆಯ ಅಧಿಕೃತ ಹೆಸರಿಗಿಂತ ಇದನ್ನೇ ಜನ ಪ್ರೀತಿಯಿಂದ ಬಳಸುತ್ತಾರೆ. ಅವರಾಡುತ್ತಿದ್ದ ಪೊಲಾಬಿಯನ್ ಭಾಷೆ 18ನೇ ಶತಮಾನದವರೆಗೂ ಇಲ್ಲಿನ ಹಳ್ಳಿಗಳಲ್ಲಿ ಜೀವ ಹಿಡಿದುಕೊಂಡಿತ್ತು. ಅದು ಸಾಯುತ್ತಿದೆ ಅನ್ನುವುದು ಗೊತ್ತಾಗಿ ಬರೆದಿಟ್ಟವರಲ್ಲಿ ಇಬ್ಬರು ಮುಖ್ಯರು. ಒಬ್ಬರು ವುಸ್ಟ್ರೋ ಊರಿನ ಪಾದ್ರಿ ಕ್ರಿಸ್ಟಿಯಾನ್ ಹೆನಿಗ್. ಇನ್ನೊಬ್ಬರು ಜ್ಯೂಟೆನ್ ಹಳ್ಳಿಯ ರೈತ ಯೋಹಾನ್ ಪಾರುಮ್ ಶುಲ್ಟ್ಸೆ. ಊರಿನ ಸಮಾಚಾರ ಬರೆಯುತ್ತಾ ಬರೆಯುತ್ತಾ ಆ ರೈತ ತನ್ನ ಹಿರಿಯರ ಮಾತುಗಳನ್ನೂ ಪಟ್ಟಿ ಮಾಡಿಟ್ಟ. ಆ ಭಾಷೆಯ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಇಂಥ ಕೆಲವೇ ಜನರ ಕೃಪೆ.

ಭಾಷೆ ಹೋಯಿತು, ಹಳ್ಳಿಯ ಆಕಾರ ಉಳಿಯಿತು. ಇಲ್ಲಿನ ‘ರುಂಡ್‌ಲಿಂಗ್’ ಅಂದರೆ ದುಂಡು ಹಳ್ಳಿ. ನಡುವೆ ಒಂದು ಹುಲ್ಲಿನ ಬಯಲು, ಒಂದೆರಡು ದೊಡ್ಡ ಮರ. ಸುತ್ತ ಹತ್ತು-ಹದಿನೈದು ಮನೆಗಳು, ಎಲ್ಲದರ ಮುಖವೂ ಬಯಲಿನ ಕಡೆಗೆ. ಕಪ್ಪು ಮರದ ತೊಲೆ, ನಡುನಡುವೆ ಇಟ್ಟಿಗೆ, ದೊಡ್ಡ ಬಾಗಿಲಿನ ಮೇಲೆ ಕೆತ್ತಿದ ಅಕ್ಷರ. ಪ್ರತಿ ಮನೆಯ ಜಮೀನು ಹಿಂದಕ್ಕೆ ಅಗಲವಾಗುತ್ತಾ ಹೋಗುತ್ತದೆ, ಹೋಳು ಮಾಡಿದ ಹೋಳಿಗೆಯ ತುಂಡಿನ ಹಾಗೆ. ಒಳಗೆ ಬರಲು ಮೂಲದಲ್ಲಿ ಒಂದೇ ದಾರಿ.

ಆಡಳಿತದ ಕಥೆಗೂ ಇದಕ್ಕೂ ಏನು ಸಂಬಂಧ? ಬಹಳ ಇದೆ. ಇಂಥ ಪುಟ್ಟ ಪುಟ್ಟ ಹಳ್ಳಿಗಳು ಒತ್ತೊತ್ತಾಗಿ ಇರುವ ನಾಡಿದು. ಶತಮಾನಗಳ ಕಾಲ ಹತ್ತು-ಹದಿನೈದು ಮನೆಯ ಹಳ್ಳಿಯೂ ತನ್ನ ವ್ಯವಹಾರ ತಾನೇ ನೋಡಿಕೊಳ್ಳುತ್ತಿತ್ತು. ಇವನ್ನೆಲ್ಲ ಒಂದು ಕಚೇರಿಯ ಕೆಳಗೆ ತರುವುದು ಹೇಗೆ ಅನ್ನುವುದೇ ಮುಂದೆ ಬಂದ ಪ್ರತಿಯೊಬ್ಬ ಆಳುವವನ ಪ್ರಶ್ನೆಯಾಯಿತು.

ಎರಡು ಕೋಟೆ, ಒಬ್ಬ ಸೆರೆಯಾಳು ರಾಜ

ಜಿಲ್ಲೆಯ ಹೆಸರಿನಲ್ಲಿ ಎರಡು ಊರು ಯಾಕಿವೆ? ಮೊದಲಿನಿಂದಲೂ ಇವು ಎರಡು ಬೇರೆ ಬೇರೆ ಸೀಮೆಗಳು. ಮಧ್ಯಯುಗದಲ್ಲಿ ಲ್ಯೂಖೋದಲ್ಲಿ ಒಬ್ಬ ಕೌಂಟ್, ಡಾನೆನ್‌ಬೆರ್ಗ್‌ನಲ್ಲಿ ಇನ್ನೊಬ್ಬ. ಕೌಂಟ್ ಅಂದರೆ ಕೋಟೆ ಕಟ್ಟಿಕೊಂಡು ಸುತ್ತಲಿನ ಸೀಮೆ ಆಳುವ ಪಾಳೆಯಗಾರನಂಥ ಒಡೆಯ.

ಡಾನೆನ್‌ಬೆರ್ಗ್‌ನ ಕೋಟೆಯಲ್ಲಿ ಈಗ ಉಳಿದಿರುವುದು ಒಂದು ದುಂಡು ಇಟ್ಟಿಗೆ ಗೋಪುರ. ಹೆಸರು ವಾಲ್ಡೆಮಾರ್ ಗೋಪುರ. 1223ರಲ್ಲಿ ಡೆನ್ಮಾರ್ಕಿನ ರಾಜ ಎರಡನೇ ವಾಲ್ಡೆಮಾರ್ ಬೇಟೆಗೆಂದು ಹೋಗಿ ಒಂದು ದ್ವೀಪದಲ್ಲಿ ಮಲಗಿದ್ದ. ಷ್ವೆರೀನ್‌ನ ಕೌಂಟ್ ಹೈನ್‌ರಿಖ್ ರಾತ್ರೋರಾತ್ರಿ ಅವನನ್ನು ಹೊತ್ತೊಯ್ದ. ಆಗ ಬಾಲ್ಟಿಕ್ ಕರಾವಳಿಯ ಬಹುಭಾಗ ವಾಲ್ಡೆಮಾರ್ ಹಿಡಿತದಲ್ಲಿತ್ತು. ಅಂಥ ರಾಜನನ್ನು ತಂದು ಕೂಡಿಹಾಕಿದ್ದು ಈ ಪುಟ್ಟ ಊರಿನಲ್ಲಿ. ಬಿಡುಗಡೆಯಾಗಿದ್ದು 1225ರಲ್ಲಿ, ಭಾರೀ ಮೊತ್ತದ ಬೆಳ್ಳಿ ಕೊಡುವ ಮಾತು ಕೊಟ್ಟ ಮೇಲೆ.

ಎರಡೂ ಕೌಂಟ್ ಮನೆತನಗಳು ಬಹಳ ಕಾಲ ಬಾಳಲಿಲ್ಲ. 1303ರಲ್ಲಿ ಡಾನೆನ್‌ಬೆರ್ಗ್, 1320ರ ಹೊತ್ತಿಗೆ ಲ್ಯೂಖೋ, ಎರಡೂ ಬ್ರೌನ್‌ಷ್ವೈಗ್-ಲ್ಯೂನೆಬುರ್ಗ್ ಡ್ಯೂಕರ ಕೈ ಸೇರಿದವು. ಮುಂದೆ 16ನೇ ಶತಮಾನದ ಕೊನೆಯಲ್ಲಿ ಆ ಮನೆತನದ ಒಬ್ಬ ಡ್ಯೂಕ್ ತನ್ನ ಪಾಲಿಗೆ ಬಂದ ಈ ಸೀಮೆಯನ್ನು ಡಾನೆನ್‌ಬೆರ್ಗ್‌ನಲ್ಲಿ ಕುಳಿತು ಆಳಿದ. ಅವನ ಮಗ ಆಗಸ್ಟ್ ಹಿಟ್ಸಾಕರ್ ಎಂಬ ಪಕ್ಕದ ಊರಿನಲ್ಲಿ ಪುಸ್ತಕ ಸೇರಿಸುತ್ತಾ ಕುಳಿತ. 1635ರಲ್ಲಿ ವೋಲ್ಫೆನ್‌ಬ್ಯೂಟಲ್‌ನ ಪಟ್ಟ ಅವನಿಗೆ ಬಂತು. ಆ ಪುಸ್ತಕಗಳೂ ಅಲ್ಲಿಗೆ ಹೋದವು. ಇವತ್ತು ಯುರೋಪಿನ ಹೆಸರಾಂತ ಹಳೆಯ ಗ್ರಂಥಾಲಯಗಳಲ್ಲಿ ಒಂದಾದ ಅದು ಅವನ ಹೆಸರಲ್ಲೇ ಇದೆ. ಮೊದಲ ಕಪಾಟುಗಳು ತುಂಬಿದ್ದು ಎಲ್ಬೆ ದಡದ ಹಿಟ್ಸಾಕರ್‌ನಲ್ಲಿ.

ಚಾವಡಿಯ ಕಾಲ: ಆಮ್ಟ್

ಡ್ಯೂಕರು ದೂರದ ಅರಮನೆಯಲ್ಲಿ ಇರುತ್ತಿದ್ದರು. ಹಳ್ಳಿಯಲ್ಲಿ ಕಂದಾಯ ಎತ್ತುವವರು, ಜಗಳ ತೀರಿಸುವವರು ಬೇಕಲ್ವಾ? ಅದಕ್ಕೆ ‘ಆಮ್ಟ್’ಗಳಿದ್ದವು. ಇದನ್ನು ಚಾವಡಿ ಅಂದುಕೊಳ್ಳಬಹುದು. ಆಮ್ಟ್‌ನ ಅಧಿಕಾರಿ ಒಂದೇ ಕೋಣೆಯಲ್ಲಿ ಕುಳಿತು ಬೆಳಿಗ್ಗೆ ಕಂದಾಯ ಲೆಕ್ಕ ನೋಡುತ್ತಿದ್ದ, ಮಧ್ಯಾಹ್ನ ನ್ಯಾಯ ಹೇಳುತ್ತಿದ್ದ. ರೈತನಿಗೆ ಕಂದಾಯ ಜಾಸ್ತಿ ಅನ್ನಿಸಿದರೆ ದೂರು ಕೊಡಬೇಕಾದ್ದೂ ಕಂದಾಯ ಹಾಕಿದವನಿಗೇ.

ಈ ನಾಡಿನಲ್ಲಿ ಲ್ಯೂಖೋ, ಡಾನೆನ್‌ಬೆರ್ಗ್, ಹಿಟ್ಸಾಕರ್, ವುಸ್ಟ್ರೋ ಹೀಗೆ ಹಲವು ಆಮ್ಟ್‌ಗಳಿದ್ದವು. ಗಾರ್ಟೋ ಬೇರೆ ಥರ. ಅದನ್ನು 1694ರಲ್ಲಿ ಬೆರ್ನ್‌ಸ್ಟೋರ್ಫ್ ಮನೆತನ ಕೊಂಡುಕೊಂಡಿತು. ಅಲ್ಲಿ ನ್ಯಾಯ ಹೇಳುವ ಹಕ್ಕೂ ಜಮೀನಿನ ಒಡೆಯರದ್ದೇ. ಈ ಮನೆತನದ ಹೆಸರು ನೆನಪಿರಲಿ, ಮುನ್ನೂರು ವರ್ಷದ ನಂತರ ಮತ್ತೆ ಬರುತ್ತದೆ.

ಲ್ಯೂಖೋ ಪಟ್ಟಣದ ನಡುವೆ ಇವತ್ತಿಗೂ ‘ಆಮ್ಟ್ಸ್‌ಟುರ್ಮ್’, ಅಂದರೆ ಆಮ್ಟ್ ಗೋಪುರ ನಿಂತಿದೆ. 1811ರಲ್ಲಿ ಊರಿಗೆ ಬೆಂಕಿ ಬಿದ್ದು ಕೋಟೆ ಸುಟ್ಟುಹೋಯಿತು. ಉಳಿದದ್ದು ಈ ಗೋಪುರ. ಕೋಟೆಯ ಹೆಸರು ಹೋಗಿ ಕಚೇರಿಯ ಹೆಸರೇ ಅದಕ್ಕೆ ಅಂಟಿಕೊಂಡಿತು. ಜನರಿಗೆ ಕೌಂಟ್‌ಗಿಂತ ಕಂದಾಯದ ಕಚೇರಿಯೇ ಹೆಚ್ಚು ನೆನಪಿತ್ತು ಅಂತ ನನಗನ್ನಿಸುತ್ತದೆ.

ಮೇಲಿನ ಒಡೆಯರು ಮಾತ್ರ ಬದಲಾಗುತ್ತಲೇ ಇದ್ದರು. 1705ರಲ್ಲಿ ಈ ಸೀಮೆ ದೊಡ್ಡ ಜರ್ಮನ್ ಸಂಸ್ಥಾನವಾದ ಹ್ಯಾನೋವರ್‌ಗೆ ಸೇರಿತು. 1714ರಲ್ಲಿ ಹ್ಯಾನೋವರ್‌ನ ದೊರೆಯೇ ಬ್ರಿಟನ್ನಿನ ರಾಜನೂ ಆದ. 1837ರವರೆಗೂ ಎರಡು ನಾಡಿಗೆ ಒಬ್ಬನೇ ರಾಜ. ನಮ್ಮ ಚರಿತ್ರೆಗೂ ಇದರ ಒಂದು ಎಳೆ ತಾಗುತ್ತದೆ. ಹೈದರಾಲಿ, ಟಿಪ್ಪು ಬ್ರಿಟಿಷರ ವಿರುದ್ಧ ಎರಡನೇ ಮೈಸೂರು ಯುದ್ಧ ಮಾಡುತ್ತಿದ್ದಾಗ ಹ್ಯಾನೋವರ್‌ನ ಎರಡು ರೆಜಿಮೆಂಟುಗಳನ್ನು ಹಡಗಿನಲ್ಲಿ ಮದರಾಸಿಗೆ ಕಳಿಸಲಾಗಿತ್ತು. 1783ರ ಕಡಲೂರಿನ ಕಾಳಗದಲ್ಲಿ ಅವರು ಇದ್ದರು.

ನಡುವೆ ಕೆಲವು ವರ್ಷ ನೆಪೋಲಿಯನ್ನನ ಫ್ರೆಂಚರು ಬಂದು ಹೋದರು. 1814ರಲ್ಲಿ ಹ್ಯಾನೋವರ್ ಸಂಸ್ಥಾನಕ್ಕೆ ರಾಜ ಆಳುವ ರಾಜ್ಯ (ಕಿಂಗ್ಡಮ್) ಎಂಬ ಪದವಿ ಬಂತು. ಇಲ್ಲಿನ ರೈತನ ಮಟ್ಟಿಗೆ ನಿಜವಾದ ಬದಲಾವಣೆ ಬಂದದ್ದು 1852ರಲ್ಲಿ. ಆ ವರ್ಷ ಹ್ಯಾನೋವರ್ ನ್ಯಾಯಾಲಯವನ್ನೂ ಆಡಳಿತವನ್ನೂ ಬೇರೆ ಮಾಡಿತು. ಕಂದಾಯ ಎತ್ತುವವನು ಒಬ್ಬ, ನ್ಯಾಯ ಹೇಳುವವನು ಇನ್ನೊಬ್ಬ.

ಪ್ರಶ್ಯ ಬಂತು, ‘ಕ್ರೈಸ್’ ಬಂತು

1866ರ ಯುದ್ಧದಲ್ಲಿ ಹ್ಯಾನೋವರ್ ಆಸ್ಟ್ರಿಯದ ಕಡೆ ನಿಂತಿತ್ತು. ಗೆದ್ದದ್ದು ಪ್ರಶ್ಯ, ಆಗಿನ ಪ್ರಬಲ ಜರ್ಮನ್ ರಾಜ್ಯ. ಹ್ಯಾನೋವರ್ ರಾಜ್ಯ ಮುಗಿದು ಪ್ರಶ್ಯದ ಒಂದು ಪ್ರಾಂತ್ಯವಾಯಿತು. ಪ್ರಶ್ಯದ ಉಳಿದ ಕಡೆ ಆಮ್ಟ್ ಬದಲು ಕ್ರೈಸ್ ಎಂಬ ವ್ಯವಸ್ಥೆ ಇತ್ತು. 1885ರಲ್ಲಿ ಅದನ್ನು ಇಲ್ಲಿಗೂ ತಂದರು. ಹಳೆಯ ಆಮ್ಟ್‌ಗಳನ್ನು ಸೇರಿಸಿ ಎರಡು ಕ್ರೈಸ್ ಮಾಡಿದರು: ಒಂದು ಲ್ಯೂಖೋ, ಇನ್ನೊಂದು ಡಾನೆನ್‌ಬೆರ್ಗ್. ಅಂದರೆ ಮಧ್ಯಯುಗದ ಎರಡು ಪಾಳೆಯಪಟ್ಟಿನ ಹೆಸರುಗಳೇ ಆರುನೂರು ವರ್ಷದ ಮೇಲೆ ಜಿಲ್ಲೆಗಳಾಗಿ ಮರಳಿದವು.

ಆಗಿನ ಲಾಂಡ್‌ರಾಟ್ ರಾಜನ ಕಡೆಯ ಅಧಿಕಾರಿ. ಅವನ ಜೊತೆಗೆ ಜಿಲ್ಲೆಯ ಪ್ರತಿನಿಧಿಗಳ ಒಂದು ಸಭೆ, ‘ಕ್ರೈಸ್‌ಟಾಗ್’. ಇವತ್ತಿನ ಜಿಲ್ಲಾ ಸಭೆಯ ಹೆಸರೂ ಅದೇ. ಆದರೆ ಆಗಿನ ಸಭೆಯಲ್ಲಿ ದೊಡ್ಡ ಜಮೀನಿನವರಿಗೆ ಪ್ರತ್ಯೇಕ ಜಾಗ ಇತ್ತು. ಎಲ್ಲರಿಗೂ ಸಮಾನ ಓಟು ಬಂದದ್ದು ಒಂದನೇ ಮಹಾಯುದ್ಧದ ನಂತರ.

ಎರಡು ಜಿಲ್ಲೆ ಒಂದಾಗಲು ಕಾರಣ ದುಡ್ಡಿನ ಅಭಾವ. 1932ರಲ್ಲಿ ಜಗತ್ತೇ ಆರ್ಥಿಕ ಕುಸಿತದಲ್ಲಿತ್ತು. ಖರ್ಚು ಉಳಿಸಲು ಪ್ರಶ್ಯ ಸರ್ಕಾರ ಚಿಕ್ಕ ಜಿಲ್ಲೆಗಳನ್ನು ಒಂದಕ್ಕೊಂದು ಸೇರಿಸಿತು. ಆ ವರ್ಷದ ಅಕ್ಟೋಬರ್ 1ರಂದು ಲ್ಯೂಖೋ ಜಿಲ್ಲೆ ಇಲ್ಲವಾಯಿತು. ಒಂದಾದ ಜಿಲ್ಲೆಗೆ ಇಟ್ಟ ಹೆಸರು ಬರೀ ‘ಡಾನೆನ್‌ಬೆರ್ಗ್’. ಲ್ಯೂಖೋದವರು ತಮ್ಮ ಹೆಸರು ಮತ್ತೆ ಕಾಣಲು 1951ರವರೆಗೆ ಕಾಯಬೇಕಾಯಿತು. ಆಗ ಜಿಲ್ಲೆಯ ಹೆಸರು ‘ಲ್ಯೂಖೋ-ಡಾನೆನ್‌ಬೆರ್ಗ್’ ಆಯಿತು.

1956ರಲ್ಲಿ ಪಶ್ಚಿಮ ಜರ್ಮನಿ ಪ್ರತಿ ಜಿಲ್ಲೆಗೂ ಕಾರಿನ ನಂಬರ್ ಪ್ಲೇಟಿಗೆ ಅಕ್ಷರ ಹಂಚಿತು. ಈ ಜಿಲ್ಲೆಗೆ ಬಂದದ್ದು ‘ಡಾನ್’ (DAN) ಎಂಬ ಮೂರು ಇಂಗ್ಲಿಷ್ ಅಕ್ಷರ. ಡಾನೆನ್‌ಬೆರ್ಗ್‌ನ ಮೊದಲ ಮೂರಕ್ಷರ ಅದು. ಇವತ್ತು ಜಿಲ್ಲೆಯ ಮುಖ್ಯ ಕಚೇರಿ ಇರುವುದು ಲ್ಯೂಖೋದಲ್ಲಿ. ಕಾರುಗಳು ಓಡುವುದು ಡಾನೆನ್‌ಬೆರ್ಗ್ ಹೆಸರಿನಲ್ಲಿ.

1945: ಬ್ರಿಟಿಷರು ಇಟ್ಟ ಎರಡು ಕುರ್ಚಿ

ಎರಡನೇ ಮಹಾಯುದ್ಧ ಮುಗಿದಾಗ ಈ ಭಾಗ ಬ್ರಿಟಿಷರ ಕೈಗೆ ಬಂತು. ನಾಜಿಗಳ ಕಾಲದಲ್ಲಿ ಅಧಿಕಾರವೆಲ್ಲ ಒಬ್ಬನ ಕೈಯಲ್ಲಿ ಸೇರಿಕೊಂಡಿದ್ದನ್ನು ಅವರು ನೋಡಿದ್ದರು. ಅದಕ್ಕೆ ತಮ್ಮ ದೇಶದ ಪದ್ಧತಿ ತಂದರು. ಜಿಲ್ಲೆಗೆ ಇಬ್ಬರು ಮುಖ್ಯಸ್ಥರು. ಲಾಂಡ್‌ರಾಟ್ ಎಂಬುವರು ಚುನಾಯಿತ ಸಭೆಯ ಅಧ್ಯಕ್ಷರು, ಸಂಬಳದ ಕೆಲಸವಲ್ಲ. ಕಚೇರಿ ನಡೆಸಲು ‘ಓಬರ್‌ಕ್ರೈಸ್‌ಡಿರೆಕ್ಟೋರ್’ ಎಂಬ ಅಧಿಕಾರಿ. ದೇವಸ್ಥಾನದ ಧರ್ಮದರ್ಶಿ ಬೇರೆ, ಲೆಕ್ಕಪತ್ರ ನೋಡುವ ಪಾರುಪತ್ಯಗಾರ ಬೇರೆ ಇರುವ ಹಾಗೆ.

1946ರ ನವೆಂಬರ್‌ನಲ್ಲಿ ಲೋಯರ್ ಸ್ಯಾಕ್ಸನಿ ಎಂಬ ಹೊಸ ರಾಜ್ಯ ಹುಟ್ಟಿತು. ಅದು ಈ ಎರಡು ಕುರ್ಚಿಯ ಪದ್ಧತಿಯನ್ನು ಐವತ್ತು ವರ್ಷ ಉಳಿಸಿಕೊಂಡಿತು. 1996ರಲ್ಲಿ ಕಾನೂನು ಬದಲಾಯಿತು. ಎರಡು ಹುದ್ದೆ ಸೇರಿ ಒಂದಾಯಿತು, ಜನರೇ ನೇರವಾಗಿ ಆರಿಸುವ ಲಾಂಡ್‌ರಾಟ್ ಬಂದರು. ಜಿಲ್ಲೆಯಿಂದ ಜಿಲ್ಲೆಗೆ ಇದು ಜಾರಿಯಾಗಲು ಕೆಲವು ವರ್ಷ ಹಿಡಿಯಿತು.

ಮೂರು ಕಡೆ ಮುಚ್ಚಿದ ಬಾಗಿಲು

ಈ ಜಿಲ್ಲೆಯ ನಕ್ಷೆ ನೋಡಿದರೆ ಪೂರ್ವಕ್ಕೆ ಚಾಚಿದ ಮೂತಿಯ ಹಾಗೆ ಕಾಣುತ್ತದೆ. 1949ರಲ್ಲಿ ಜರ್ಮನಿ ಎರಡು ದೇಶವಾದಾಗ ಈ ಮೂತಿಯ ಸುತ್ತ ಮೂರು ಕಡೆ ಪೂರ್ವ ಜರ್ಮನಿ. ಪಶ್ಚಿಮಕ್ಕೆ ಮಾತ್ರ ದಾರಿ. 1952ರಲ್ಲಿ ಪೂರ್ವ ಜರ್ಮನಿ ಗಡಿಯನ್ನು ಬಿಗಿ ಮಾಡಿತು. ಮುಳ್ಳುತಂತಿ, ಕಾವಲು ಗೋಪುರ, ಗಡಿಯಂಚಿನ ಜನರ ಬಲವಂತದ ಸ್ಥಳಾಂತರ.

ಲ್ಯೂಖೋದವರಿಗೆ ಹತ್ತಿರದ ದೊಡ್ಡ ಪೇಟೆ ಅಂದರೆ ಜಾಲ್ಟ್ಸ್‌ವೇಡಲ್. ಹದಿನೈದು ಕಿಲೋಮೀಟರ್ ಕೂಡ ಇಲ್ಲ. ಸೈಕಲ್ಲಿನಲ್ಲಿ ಹೋಗಿ ಬರುವ ದೂರ. ಅದು ಈಗ ಬೇರೆ ದೇಶದಲ್ಲಿತ್ತು. ಎಲ್ಬೆಗೆ ಪೂರ್ವ ದಡದ ಡೋಮಿಟ್ಸ್ ಎಂಬ ಊರಿನ ಬಳಿ ಎರಡು ಸೇತುವೆಗಳಿದ್ದವು, ಒಂದು ರೈಲಿಗೆ, ಒಂದು ರಸ್ತೆಗೆ. 1945ರ ಏಪ್ರಿಲ್‌ನಲ್ಲಿ ಎರಡೂ ನಾಶವಾಗಿದ್ದವು. ಕಟ್ಟುವುದಾದರೂ ಯಾರಿಗಾಗಿ? ರೈಲು ಸೇತುವೆಯ ಕಬ್ಬಿಣದ ಕಮಾನುಗಳು ಪಶ್ಚಿಮ ದಡದ ಹುಲ್ಲುಗಾವಲಿನ ಮೇಲೆ ಸಾಲಾಗಿ ಬಂದು ನೀರಿನ ಅಂಚಿಗೆ ಥಟ್ಟನೆ ನಿಂತುಬಿಡುತ್ತವೆ. ಇವತ್ತಿಗೂ ಹಾಗೆಯೇ ಇವೆ. ಗಡಿ ನದಿಯ ನಡುವೆ ಇದೆಯೋ, ಪೂರ್ವದ ದಡದಲ್ಲಿದೆಯೋ ಅನ್ನುವುದೇ ಎರಡು ಜರ್ಮನಿಗಳ ನಡುವೆ ಕೊನೆಯವರೆಗೂ ಬಗೆಹರಿಯಲಿಲ್ಲ.

ಯುದ್ಧ ಮುಗಿದಾಗ ಪೂರ್ವದಿಂದ ಬಂದ ನಿರಾಶ್ರಿತರಿಂದ ಹಳ್ಳಿಗಳು ತುಂಬಿದ್ದವು. ಕೆಲಸ ಇಲ್ಲದ್ದರಿಂದ ಅವರಲ್ಲಿ ಬಹಳ ಜನ ಪಶ್ಚಿಮದ ನಗರಗಳಿಗೆ ಹೊರಟರು. ಕಾರ್ಖಾನೆ ಹಾಕುವವರು ಇತ್ತ ಬರಲಿಲ್ಲ. 1971ರಲ್ಲಿ ಪಶ್ಚಿಮ ಜರ್ಮನಿ ಗಡಿ ಪ್ರದೇಶಗಳಿಗೆ ವಿಶೇಷ ನೆರವಿನ ಕಾನೂನನ್ನೇ ಮಾಡಬೇಕಾಯಿತು.

ಹಲವನ್ನು ಸೇರಿಸಿದರು, ಇದನ್ನು ಬಿಟ್ಟರು

1960ರ ದಶಕದ ಕೊನೆಯಲ್ಲಿ ಲೋಯರ್ ಸ್ಯಾಕ್ಸನಿ ಒಂದು ದೊಡ್ಡ ಸುಧಾರಣೆಗೆ ಕೈ ಹಾಕಿತು. ಕಾನೂನು ಪ್ರಾಧ್ಯಾಪಕ ವೆರ್ನರ್ ವೇಬರ್ ನೇತೃತ್ವದ ಆಯೋಗ 1969ರಲ್ಲಿ ವರದಿ ಕೊಟ್ಟಿತು. ವಾದ ಸರಳವಾಗಿತ್ತು. ಹತ್ತು ಮನೆಯ ಗೆಮೈಂಡೆಗೆ ಚರಂಡಿ ಕಟ್ಟುವ ಶಕ್ತಿ ಎಲ್ಲಿದೆ? ಸಣ್ಣ ಜಿಲ್ಲೆಗೆ ತಜ್ಞರನ್ನು ನೇಮಿಸಿಕೊಳ್ಳುವ ಶಕ್ತಿ ಎಲ್ಲಿದೆ? ದೊಡ್ಡದು ಮಾಡಿ.

1972ರಲ್ಲಿ ಈ ಜಿಲ್ಲೆಯ ಹಳ್ಳಿಗಳನ್ನು ಒಟ್ಟುಗೂಡಿಸಿದರು. ದುಂಡು ಹಳ್ಳಿಗಳು ತಮ್ಮ ಗೆಮೈಂಡೆ ಎಂಬ ಸ್ಥಾನ ಕಳೆದುಕೊಂಡು ದೊಡ್ಡ ಗೆಮೈಂಡೆಗಳ ಭಾಗವಾದವು. ಅವುಗಳ ಮೇಲೆ ಐದು ಝಾಮ್ಟ್‌ಗೆಮೈಂಡೆ: ಲ್ಯೂಖೋ, ಡಾನೆನ್‌ಬೆರ್ಗ್, ಹಿಟ್ಸಾಕರ್, ಕ್ಲೆಂಟ್ಸೆ, ಗಾರ್ಟೋ. ಹಳೆಯ ಆಮ್ಟ್‌ಗಳ ಹೆಸರು ಎಷ್ಟು ಮರಳಿ ಬಂದವು ನೋಡಿ.

ಜಿಲ್ಲೆಗಳ ಸರದಿ ಮುಗಿದದ್ದು 1977ರಲ್ಲಿ. ಅಷ್ಟು ಹೊತ್ತಿಗೆ ರಾಜ್ಯದ ಸುಮಾರು 60 ಗ್ರಾಮೀಣ ಜಿಲ್ಲೆಗಳು ನಲವತ್ತಕ್ಕಿಂತ ಕೆಳಗೆ ಇಳಿದವು. ಎಷ್ಟೋ ಹಳೆಯ ಹೆಸರುಗಳು ಅಳಿಸಿಹೋದವು. ಲ್ಯೂಖೋ-ಡಾನೆನ್‌ಬೆರ್ಗ್ ಇಷ್ಟು ಪುಟ್ಟದಾದರೂ ಇದ್ದ ಹಾಗೇ ಉಳಿಯಿತು. ಇದಕ್ಕೆ ನಕ್ಷೆಯೇ ಕಾರಣ ಹೇಳುತ್ತದೆ. ಸೇರಿಸಬೇಕೆಂದರೆ ಪಶ್ಚಿಮದ ಲ್ಯೂನೆಬುರ್ಗ್ ಅಥವಾ ಊಲ್ಟ್ಸೆನ್‌ಗೆ ಸೇರಿಸಬೇಕು. ಉಳಿದ ಮೂರು ಕಡೆ ಕಬ್ಬಿಣದ ಬೇಲಿ. ಹಾಗೆ ಸೇರಿಸಿದರೆ ಎಲ್ಬೆ ದಡದ ಷ್ನಾಕೆನ್‌ಬುರ್ಗ್‌ನ ಅಜ್ಜಿಯೊಬ್ಬರು ಒಂದು ಸಹಿಗಾಗಿ ಇಡೀ ಹಳೆಯ ಜಿಲ್ಲೆಯನ್ನು ದಾಟಿ ಇನ್ನೊಂದು ಜಿಲ್ಲೆಯ ಒಳಕ್ಕೆ ಪ್ರಯಾಣ ಮಾಡಬೇಕು. ಉಸಿರುಗಟ್ಟಿಸಿದ ಗಡಿಯೇ ಈ ಜಿಲ್ಲೆಯನ್ನು ಕಾಪಾಡಿದ್ದೂ ಹೌದು ಅನ್ನುವುದು ನನ್ನ ತಿಳುವಳಿಕೆ.

ಗೋರ್ಲೆಬೆನ್: ಯಾರ ಮಾತು ನಡೆಯುತ್ತದೆ?

ಅದೇ 1977ರ ಫೆಬ್ರವರಿ 22ರಂದು ರಾಜ್ಯದ ಮುಖ್ಯಮಂತ್ರಿ ಎರ್ನ್‌ಸ್ಟ್ ಆಲ್ಬ್ರೆಖ್ಟ್ ಒಂದು ಘೋಷಣೆ ಮಾಡಿದರು. ದೇಶದ ಪರಮಾಣು ತ್ಯಾಜ್ಯದ ಕೇಂದ್ರಕ್ಕೆ ಈ ಜಿಲ್ಲೆಯ ಗೋರ್ಲೆಬೆನ್ ಎಂಬ ಹಳ್ಳಿ ಆಯ್ಕೆಯಾಗಿದೆ ಅಂತ. ಹಳ್ಳಿಯ ಕೆಳಗೆ ದೊಡ್ಡ ಉಪ್ಪಿನ ದಿಬ್ಬ ಇತ್ತು. ಅದರೊಳಗೆ ತ್ಯಾಜ್ಯ ಹೂಳುವ ಯೋಚನೆ.

ಜರ್ಮನಿಯ ಆಡಳಿತದ ಮೆಟ್ಟಿಲುಗಳು ಇಲ್ಲಿ ಕಣ್ಣಿಗೆ ಕಾಣುವಂತಾದವು. ಪರಮಾಣು ವಿಷಯ ಕೇಂದ್ರ ಸರ್ಕಾರದ್ದು. ಪೊಲೀಸರು ರಾಜ್ಯದವರು. ಜಿಲ್ಲೆಗೆ, ಗೆಮೈಂಡೆಗೆ ಅಭಿಪ್ರಾಯ ಹೇಳುವ ಹಕ್ಕಿತ್ತು, ಬೇಡ ಎಂದು ತಡೆಯುವ ಶಕ್ತಿ ಇರಲಿಲ್ಲ. ತಡೆಯುವ ಶಕ್ತಿ ಒಂದಿಷ್ಟು ಇದ್ದದ್ದು ಜಮೀನಿನ ಒಡೆಯರ ಹತ್ತಿರ. ಆ ಬೆರ್ನ್‌ಸ್ಟೋರ್ಫ್ ಮನೆತನ ಉಪ್ಪಿನ ದಿಬ್ಬದ ಮೇಲಿನ ತನ್ನ ಕಾಡನ್ನು ಮಾರಲು ಒಪ್ಪಲಿಲ್ಲ.

1980ರ ಮೇ 3ರಂದು ವಿರೋಧಿಗಳು ‘ಕೊಳವೆ ಕೊರೆಯುವ ಸ್ಥಳ 1004’ ಎಂಬ ಕಡೆ ಕಾಡಿನಲ್ಲಿ ಮರದ ಗುಡಿಸಲುಗಳ ಊರು ಕಟ್ಟಿದರು. ‘ಸ್ವತಂತ್ರ ವೆಂಡ್‌ಲಾಂಡ್ ಗಣರಾಜ್ಯ’ ಅಂತ ಹೆಸರಿಟ್ಟರು. ಗಡಿ ಗೇಟು ಹಾಕಿದರು, ಪಾಸ್‌ಪೋರ್ಟ್ ಅಚ್ಚು ಹಾಕಿಸಿ ಕೊಟ್ಟರು. ನಿಜವಾದ ಗಡಿಯ ನೆರಳಲ್ಲಿ ಬೆಳೆದ ಜನ ತಾವೇ ಒಂದು ಗಡಿ ಮಾಡಿಕೊಂಡಿದ್ದು ಹೀಗೆ. ಜೂನ್ 4ರಂದು ಪೊಲೀಸರು ಎಲ್ಲವನ್ನೂ ತೆರವು ಮಾಡಿದರು.

1995ರಿಂದ 2011ರವರೆಗೆ 13 ಸಲ ಪರಮಾಣು ತ್ಯಾಜ್ಯ ತುಂಬಿದ, ಕ್ಯಾಸ್ಟರ್ ಎಂಬ ಹೆಸರಿನ ಪೀಪಾಯಿಗಳು ಗೋರ್ಲೆಬೆನ್‌ನ ಮೇಲ್ನೆಲದ ತಾತ್ಕಾಲಿಕ ಸಂಗ್ರಹಾಲಯಕ್ಕೆ ಬಂದವು. ಸಾಮಾನ್ಯವಾಗಿ ಪ್ರತಿಭಟನೆಗೆ ಸಂಬಂಧಿಸಿದ ಅಪ್ಪಣೆ ನೋಡುವುದು ಜಿಲ್ಲೆಯ ಕೆಲಸ. ಆದರೆ ಈ ಸಾಗಾಟದ ಹೊತ್ತಿಗೆ ದಾರಿಯುದ್ದಕ್ಕೂ ಜನ ಸೇರುವುದನ್ನು ನಿಷೇಧಿಸಿದ್ದು ಲ್ಯೂನೆಬುರ್ಗ್‌ನ ವಿಭಾಗೀಯ ಕಚೇರಿ. 2004ರ ಕೊನೆಗೆ ಅಂಥ ವಿಭಾಗೀಯ ಕಚೇರಿಗಳನ್ನೇ ರಾಜ್ಯ ಮುಚ್ಚಿದ ಮೇಲೆ ಆ ಕೆಲಸ ಲ್ಯೂನೆಬುರ್ಗ್‌ನ ಪೊಲೀಸ್ ನಿರ್ದೇಶನಾಲಯಕ್ಕೆ ಹೋಯಿತು. 2020ರ ಸೆಪ್ಟೆಂಬರ್ 28ರಂದು ದೇಶದಾದ್ಯಂತ ಹೊಸದಾಗಿ ಜಾಗ ಹುಡುಕುವ ಪಟ್ಟಿಯಿಂದ ಗೋರ್ಲೆಬೆನ್ ಹೊರಗೆ ಬಿತ್ತು. ಬಂದ 113 ಪೀಪಾಯಿಗಳು ಮಾತ್ರ ಅಲ್ಲೇ ಇವೆ.

ಬೇಲಿ ಬಿದ್ದ ಮೇಲೆ

1989ರಲ್ಲಿ ಗಡಿ ತೆರೆಯಿತು. 1992ರ ಡಿಸೆಂಬರ್‌ನಲ್ಲಿ ಡೋಮಿಟ್ಸ್‌ನಲ್ಲಿ ಹೊಸ ರಸ್ತೆ ಸೇತುವೆ ಬಂತು. ದೇಶದ ಅಂಚಾಗಿದ್ದ ಜಿಲ್ಲೆ ನಕ್ಷೆಯಲ್ಲಿ ಜರ್ಮನಿಯ ಒಳಕ್ಕೆ ಬಂತು. ಅದರ ಜೊತೆಗೇ ಗಡಿ ಪ್ರದೇಶದ ವಿಶೇಷ ನೆರವೂ ನಿಂತಿತು. ಜಿಲ್ಲೆ ಸಾಲದಲ್ಲಿ ಮುಳುಗಿತು.

2000ದ ದಶಕದಲ್ಲಿ ಒಂದು ದೊಡ್ಡ ಚರ್ಚೆ ಎದ್ದಿತು. ಜಿಲ್ಲೆ ಒಂದು ಕಡೆ, ಐದು ಝಾಮ್ಟ್‌ಗೆಮೈಂಡೆ ಇನ್ನೊಂದು ಕಡೆ, ಐವತ್ತು ಸಾವಿರ ಜನರಿಗೆ ಇಷ್ಟೊಂದು ಕಚೇರಿ ಬೇಕಾ? ಎರಡು ಹಂತವನ್ನೂ ಸೇರಿಸಿ ಒಂದೇ ಮಾಡಿದರೆ ಹೇಗೆ? ಈ ಯೋಚನೆ ಕೊನೆಗೆ ನಡೆಯಲಿಲ್ಲ. ಬದಲಿಗೆ 2006ರ ನವೆಂಬರ್ 1ರಂದು ಐದನ್ನು ಮೂರಕ್ಕೆ ಇಳಿಸಿದರು. ಡಾನೆನ್‌ಬೆರ್ಗ್, ಹಿಟ್ಸಾಕರ್ ಸೇರಿ ‘ಎಲ್ಬ್‌ಟಾಲ್‌ಆವೆ’ ಆಯಿತು, ಅಂದರೆ ಎಲ್ಬೆ ಕಣಿವೆಯ ಹುಲ್ಲುಗಾವಲು. ಲ್ಯೂಖೋ, ಕ್ಲೆಂಟ್ಸೆ ಸೇರಿ ‘ಲ್ಯೂಖೋ (ವೆಂಡ್‌ಲಾಂಡ್)’. ಗಾರ್ಟೋ ಮಾತ್ರ ಒಂಟಿಯಾಗಿಯೇ ಉಳಿಯಿತು. ಮೂರರ ಕೆಳಗೆ 27 ಗೆಮೈಂಡೆಗಳು. ಅದರಲ್ಲಿ ಷ್ನಾಕೆನ್‌ಬುರ್ಗ್ ಸುಮಾರು ಆರುನೂರು ಜನರ ಊರು. ಆದರೂ ಪಟ್ಟಣ ಎಂಬ ಹಳೆಯ ಪದವಿ ಅದಕ್ಕೆ ಇನ್ನೂ ಇದೆ.

ಹಾಗಾದರೆ ಯಾವ ಕೆಲಸಕ್ಕೆ ಯಾವ ಕಚೇರಿ?

ಹಿಟ್ಸಾಕರ್‌ನಲ್ಲಿ ಮನೆ ಮಾಡಿದ ಒಬ್ಬ ಕನ್ನಡಿಗ ನರ್ಸ್ ಅಂತ ಇಟ್ಟುಕೊಳ್ಳೋಣ. ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ಬರೆಸಬೇಕು. ಅದು ಝಾಮ್ಟ್‌ಗೆಮೈಂಡೆ ಕೆಲಸ, ಆದ್ದರಿಂದ ಎಲ್ಬ್‌ಟಾಲ್‌ಆವೆ ಕಚೇರಿ. ಮದುವೆ, ಮಗು ಹುಟ್ಟಿದ ದಾಖಲೆಯೂ ಅದೇ ಮಟ್ಟದಲ್ಲಿ. ವಾಸದ ಪರವಾನಗಿ ನವೀಕರಿಸಲು ಲಾಂಡ್‌ಕ್ರೈಸ್, ಅಂದರೆ ಲ್ಯೂಖೋಗೆ ಹೋಗಬೇಕು. ಡ್ರೈವಿಂಗ್ ಲೈಸೆನ್ಸೂ ಲಾಂಡ್‌ಕ್ರೈಸ್‌ನದ್ದೇ. ಭಾರತದ ಲೈಸೆನ್ಸ್ ಅಲ್ಲಿ ನೆಲೆಸಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಬರವಣಿಗೆಯ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡನ್ನೂ ಪಾಸು ಮಾಡಿ ಜರ್ಮನ್ ಲೈಸೆನ್ಸ್ ಪಡೆಯಬೇಕು. ಬಸ್ಸು ಕಡಿಮೆ ಇರುವ ಜಿಲ್ಲೆ ಇದು, ಹಾಗಾಗಿ ಇದನ್ನು ಮುಂದೂಡದೆ ಮೊದಲ ವಾರವೇ ವಿಚಾರಿಸುವುದು ಒಳ್ಳೆಯದು.

ಮಗು ಒಂದನೇ ಕ್ಲಾಸಿನಲ್ಲಿದ್ದರೆ ಶಾಲೆಯ ವಿಷಯಕ್ಕೆ ಝಾಮ್ಟ್‌ಗೆಮೈಂಡೆ. ಪ್ರೌಢಶಾಲೆಗೆ ಬಂದರೆ ಲಾಂಡ್‌ಕ್ರೈಸ್. ಶಿಕ್ಷಕರ ಸಂಬಳ ಕೊಡುವುದು ಮಾತ್ರ ರಾಜ್ಯ. ಕಸದ ಡಬ್ಬಿ ಬೇಕಾದರೆ ಲಾಂಡ್‌ಕ್ರೈಸ್. ಎಲ್ಬೆಯಲ್ಲಿ ನೀರು ಏರಿದರೆ, 2002ರಲ್ಲಿ, 2013ರಲ್ಲಿ ಏರಿದ ಹಾಗೆ, ವಿಪತ್ತು ಪರಿಸ್ಥಿತಿ ಎಂದು ಘೋಷಿಸುವುದೂ ಲಾಂಡ್‌ಕ್ರೈಸೇ. ಮರಳಿನ ಚೀಲ ಹೊತ್ತು ದಡಕ್ಕೆ ಓಡುವವರು ಬಹುತೇಕ ಹಳ್ಳಿಹಳ್ಳಿಯ ಸ್ವಯಂಸೇವಕ ಅಗ್ನಿಶಾಮಕ ದಳದವರು. ಆ ದಳಕ್ಕೆ ನಿಮ್ಮ ಹೆಸರನ್ನೂ ಬರೆಸಬಹುದು. ಅದಕ್ಕೆ ಲ್ಯೂಖೋವರೆಗೆ ಹೋಗಬೇಕಿಲ್ಲ, ಹಳ್ಳಿಯ ದಳದವರನ್ನು ಕೇಳಿದರೆ ಸಾಕು.